ಹಾಡಿನ ಮೇಷ್ಟರಿಗೆ ಬಂದ ಹೇಸಿಗೆ

ಕೇಳಬಾರದ್ದು ಕಿವಿಗೆ ಬಿದ್ದರೆ ನಮ್ಮ ಹಾಡಿನ ಮೇಷ್ಟರ ಎಡ ಮೂಗಿನ ಹೊಳ್ಳೆ ಮೇಲಕ್ಕೇಳುತ್ತಿತ್ತು. ಅದರ ಹಿಂದೆಯೇ ತುಟಿಯೂ ಎದ್ದು, ಎಲೆಯಡಿಕೆಯ ಕೆಂಪು ಹಲ್ಲು ಕಾಣುತ್ತಿದ್ದವು. ಬೆರಳು ಮಾತ್ರ ಹಾರ್ಮೋನಿಯಂ ಮೇಲೆ ನಡೆಯುತ್ತಲೇ ಇರುತ್ತಿತ್ತು. ಶ್ರುತಿ ತಪ್ಪಿದರೆ ಅವರಿಗೆ ಹಾಗಾಗುತ್ತಿರಲಿಲ್ಲ. ಯಾರಾದರೂ ದೇವರನ್ನು ಮರೆತು ಜನ ಮೆಚ್ಚಲಿ ಅಂತ ಹಾಡಿದರೆ ಆಗುತ್ತಿತ್ತು. "ಜೇನು ಸುರೀಬೇಡ್ರಲಾ, ಇರುವೆ ಮುತ್ಕೊಂತವೆ" ಅನ್ನುತ್ತಿದ್ದರು.

ಸೇಲಂ ಹತ್ತಿರದ ಓಮಲೂರಿನಿಂದ ತೊಪ್ಪೂರಿನ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಇಗರ್ಜಿಯಲ್ಲಿ ಪೂಜೆ, ಪ್ರಸಂಗ, ಹಾಡು ಎಲ್ಲ ತಮಿಳು. ಮೇಷ್ಟರ ಮನೆಯಲ್ಲೂ ನಮ್ಮ ಮನೆಯಲ್ಲೂ ಕನ್ನಡ. ಅವರ ಮನೆ ಇಗರ್ಜಿಯ ಬೀದಿಯಲ್ಲಿ, ನಮ್ಮದು ಊರಾಚೆಯ ಕಾಲೊನಿಯಲ್ಲಿ. ಜ್ಞಾನಸ್ನಾನ ಪಡೆದು ಎಷ್ಟೋ ತಲೆಮಾರು ಕಳೆದಿದ್ದರೂ ನಮ್ಮ ಜಾತಿಯನ್ನು ಆ ನೀರು ತೊಳೆದಿರಲಿಲ್ಲ.

ನನ್ನ ಅಜ್ಜಿ ಸತ್ತಾಗ ಜಪಕ್ಕೆ ಬಂದ ಮೇಷ್ಟರು ನಾನು ಹಾಡಿದ್ದನ್ನು ಕೇಳಿ, ನಮ್ಮಮ್ಮ ಕೊಟ್ಟ ನೀರು ಕುಡಿದು, "ತಪಸ್ಸುಕಾಲಕ್ಕೆ ಕೀರ್ತನೆ ಇವಳೇ ಆಡ್ಲಿ" ಅಂದರು. ಕಾಲೊನಿಯವರು ಅಲ್ಲಿಯವರೆಗೆ ಮೈಕಿನ ಮುಂದೆ ನಿಂತಿರಲಿಲ್ಲ.

ಈಸ್ಟರಿಗೆ ಮುಂಚಿನ ಆ ಉಪವಾಸದ ದಿನಗಳ ಮೊದಲ ಭಾನುವಾರ ನಾನು ಹಾಡಿ ಹಿಂದೆ ಸರಿದೆ. ಇಗರ್ಜಿ ಕಮಿಟಿ ಯಜಮಾನರ ಹೆಂಡತಿ ತನ್ನ ಚೀಲದಿಂದ ಸ್ಯಾನಿಟೈಸರ್ ತೆಗೆದು ಮೈಕಿಗೆ ಹೊಡೆದು, ಸೆರಗಿನಿಂದ ಒರೆಸಿದಳು. ಕೊರೊನಾ ಮುಗಿದು ಕಾಲವಾಗಿತ್ತು. ಬೇರೆ ಯಾರು ಹಾಡಿದ ಮೇಲೂ ಆ ಬಾಟಲಿ ಹೊರಬರಲಿಲ್ಲ. ಒರೆಸಿದ ಮೈಕಿನಲ್ಲೇ ಆಕೆ ಕಣ್ಣು ಮುಚ್ಚಿ, ನಾವೆಲ್ಲ ಒಂದೇ ದೇಹ ಅಂತ ಹಾಡಿದಳು. ಮುಂದಿನ ಭಾನುವಾರವೂ ಅದೇ ಆಯಿತು.

ಈಸ್ಟರಿನ ಹಿಂದಿನ ವಾರ, ಗರಿಗಳ ಭಾನುವಾರದಂದು ಅದು ಮೇಷ್ಟರ ಕಣ್ಣಿಗೆ ಬಿತ್ತು. ಹಾರ್ಮೋನಿಯಂ ನಿಂತಿತು.

"ಏನಮ್ಮಾ ಅದು?"

"ಒಣ್ಣುಮಿಲ್ಲೆ ಮಾಸ್ಟರ್, ಸೇಫ್ಟಿಕ್ಕು." ಏನೂ ಇಲ್ಲ, ಸೇಫ್ಟಿಗೆ ಅಂತ ಆಕೆ ತಮಿಳಲ್ಲಿ ಅಂದಳು.

ಸಿಟ್ಟು ಬಂದರೆ ಮೇಷ್ಟರಿಗೆ ತಮಿಳು ಹೊರಡುತ್ತಿರಲಿಲ್ಲ. "ಅಂಗಾದ್ರೆ ನನ್ನ ಬಾಯಿಗೂ ಒಡಿ. ಅವಳ ಮನೇಲಿ ನೀರು ಕುಡಿದಿರೋ ಬಾಯಿ ಇದು" ಅಂದು ಬಾಯಿ ತೆರೆದು ಕೂತರು. ಆಕೆ ಬಾಟಲಿಯನ್ನು ಚೀಲಕ್ಕೆ ತುರುಕಿದಳು. ಬಲಿಪೀಠದ ಹತ್ತಿರ ಫಾದರ್ ಪುಸ್ತಕದಿಂದ ಕಣ್ಣೆತ್ತಲಿಲ್ಲ. ಮೇಷ್ಟರು ಪೆಟ್ಟಿಗೆ ಮುಚ್ಚಿ, ಹೊತ್ತುಕೊಂಡು, ಜನರ ನಡುವೆಯೇ ಹೊರಗೆ ನಡೆದರು.

ಕಮಿಟಿಯವರು ಮೇಷ್ಟರ ಮನೆಗೆ ಹೋಗಿ, ತಪ್ಪಾಯಿತು ಅಂತ ಮನ್ನಿಪ್ಪು ಕೇಳಿದರೆ ಸಾಕು ಅಂದರಂತೆ. "ಕೇಳ್ತೀನಿ. ಇಷ್ಟು ವರ್ಸ ನಿಮ್ಮ ಜೊತೆ ಕೂತು ಆಡಿದ್ದಕ್ಕೆ ಆ ಉಡುಗಿ ಅತ್ರ ಕೇಳ್ತೀನಿ" ಅಂದರಂತೆ ಇವರು. ಕಮಿಟಿ ಅವರನ್ನು ಬಿಡಿಸಿ, ಈಸ್ಟರಿಗೆ ಸೇಲಂನಿಂದ ಕೀಬೋರ್ಡಿನವನನ್ನು ಕರೆಸಿತು. "ತಾಳ್ಮೆ ಬೇಕಮ್ಮಾ" ಅಂತ ಫಾದರ್ ನನಗೆ ಬುದ್ಧಿ ಹೇಳಿದರು. ಒರೆಸಿದವಳಿಗೆ ಏನು ಹೇಳಿದರೋ ಗೊತ್ತಿಲ್ಲ.

ಆಮೇಲೆ ಮೇಷ್ಟರು ಮಂಗಳವಾರ ಸಂಜೆ ನಮ್ಮ ಕಾಲೊನಿಯ ಶಿಲುಬೆ ಕಟ್ಟೆಗೇ ಬಂದು ಹಾಡಿಸತೊಡಗಿದರು. ನಾನು ಬಾಯಿ ಬಿಡಲಿಲ್ಲ.

"ಯಾಕೆ ಮಗಾ?"

"ಹೇಸಿಗೆ ಆಗ್ತೈತೆ ಮೇಷ್ಟ್ರೇ. ಆ ಹಾಡಿನ ಮಾತುಗಳೇ ನಾರ್ತವೆ."

ಅವರು ಸಮಾಧಾನ ಹೇಳಲಿಲ್ಲ. "ನಂಗೂ ಆಗ್ತೈತೆ. ಕೀರ್ತನೆ ಕಟ್ದೋರು ಎಲ್ಲಾ ಸುಕವಾಗಿದ್ರಾ? ಅತ್ತವ್ರೆ, ಬೈದವ್ರೆ, ಎಲ್ಲೋದೆ ಸ್ವಾಮೀ ಅಂತ ದೇವರನ್ನೇ ಕೇಳವ್ರೆ. ನಿನ್ನ ಏಸಿಗೆನೂ ಅವನ ಮುಂದೆ ತಂದು ಆಕು. ತೊಳೆದು ತರಬೇಡ" ಅಂದರು.

ಆ ಸಂಜೆ ಹಾಡಿದೆ. ಗಂಟಲು ಒಡೆದಿತ್ತು. ಅವರ ಮೂಗು ಅಲುಗಲಿಲ್ಲ.

ಕಳೆದ ವರ್ಷ ಮೇಷ್ಟರು ತೀರಿಕೊಂಡರು. ನಮ್ಮೂರ ಕ್ರೈಸ್ತರ ಸ್ಮಶಾನಕ್ಕೆ ನಡುವೆ ಒಂದು ಗೋಡೆಯಿದೆ. ಆಚೆ ಬೀದಿಯವರು, ಈಚೆ ನಾವು. ತನ್ನನ್ನು ಈಚೆಗೇ ಹೂಳಬೇಕು ಅಂತ ಹೆಂಡತಿಗೆ ಹೇಳಿದ್ದರು. ಆಯಮ್ಮ ಅತ್ತು ಕೇಳಿದರೂ ಮಕ್ಕಳು ಒಪ್ಪಲಿಲ್ಲ. ಆಚೆ ಗುಂಡಿ ತೋಡಿದರು. ಅವರನ್ನು ಹೊರಹಾಕಿದ ಕಮಿಟಿಯೇ ದೊಡ್ಡ ಹಾರ ತಂದಿತ್ತು. ಮಹಾ ಭಕ್ತ ಅಂತ ಫಾದರ್ ಕೊಂಡಾಡಿದರು.

ನಾನು ಗೋಡೆಯ ಈಚೆ ನಿಂತೆ. ಹೊಗಳಿಕೆ ಮುಗಿದು ಮಣ್ಣು ಬೀಳುವ ಸದ್ದು ಕೇಳಿದಾಗ, ಅವರು ಕಲಿಸಿದ ಕೀರ್ತನೆಯನ್ನು ಕನ್ನಡದಲ್ಲೇ, ಮೈಯಲ್ಲಿದ್ದ ಅಷ್ಟೂ ಕಹಿ ಸೇರಿಸಿ ಎತ್ತಿದೆ. ಆಚೆಯಿಂದ ಯಾರೋ ಸುಮ್ಮನಿರು ಅಂತ ಕೂಗಿದರು. ಇನ್ನೂ ಎರಡು ಚರಣ ಬಾಕಿಯಿತ್ತು, ಹಾಡಿದೆ.