ನಡೆದಾಡುವ ಹಕ್ಕು

ನಮ್ಮ ಯಜಮಾನರು ಹಾಲಸ್ವಾಮಿ. ತೋಟದವರ ಹತ್ತಿರ ತೆಂಗಿನಕಾಯಿ ಕೊಂಡು ತಂದು, ಅಟ್ಟದಲ್ಲಿ ವರ್ಷ ಒಣಗಿಸಿ, ಸುಲಿದು ಕೊಬ್ಬರಿ ಮಾಡುವುದು ಅವರ ಕಸುಬು. ಅಂಗೈ ಜಡ್ಡುಗಟ್ಟಿತ್ತು. ಹದಿನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದು, ಎಪ್ಪತ್ತಾರನೇ ಇಸವಿಯಲ್ಲಿ ಹೊನ್ನವಳ್ಳಿಯಲ್ಲಿ ಸ್ವಂತ ಮನೆ ಕೊಂಡರು.

ಕೊಳ್ಳುವ ಮುಂಚೆ ತೊಲೆಗಳನ್ನೆಲ್ಲ ಬಡಿದು ನೋಡಿದರು. ಅಟ್ಟ ಹತ್ತಿ ಎಷ್ಟು ಕಾಯಿ ಹಿಡಿಯುತ್ತದೆಂದು ಅಂದಾಜು ಮಾಡಿದರು. ಬಾವಿ ನೀರು ಕುಡಿದು ನೋಡಿದರು. ದಾರಿಯನ್ನು ಮಾತ್ರ ಅಷ್ಟಾಗಿ ನೋಡಲಿಲ್ಲ. ಅದು ಬೀದಿಗೆ ಹತ್ತದ ಹಿಂಭಾಗದ ಮನೆ. ಮುಂದಿನದು ಹುಚ್ಚರಂಗಯ್ಯನದು. ಅವನ ಅಂಗಳ ದಾಟದೆ ನಾವು ಬೀದಿ ಸೇರುವಂತಿರಲಿಲ್ಲ.

"ಅವನು ಬುಡ್ದೆ ಹೋದ್ರೆ?" ಎಂದು ನಾನು ಕೇಳಿದ್ದೆ.

"ಅವನ ಅಂಗಳದಾಗೆ ನಮಗೆ ನಡೆದಾಡುವ ಹಕ್ಕು ಐತೆ ಅಂತ ಪತ್ರದಲ್ಲಿ ಬರೆಸಿವ್ನಿ ಕಣೇ. ಸುಮ್ಕಿರು."

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಂಬಿದೆ.

ಮೊದಲನೇ ಸಲ ಕಾಯಿ ತುಂಬಿದ ಗಾಡಿ ಬಂದಾಗ ಹುಚ್ಚರಂಗಯ್ಯ ಗೇಟಿಗೆ ಅಡ್ಡ ನಿಂತ.

"ನಡೆದಾಡೋಕೆ ಅಂತೈತೆ. ಗಾಡಿ ಅಂತ ಎಲ್ಲೈತೆ ತೋರ್ಸು. ನಿನ್ ಕಾಲಿಗೆ ಹಕ್ಕು, ಎತ್ತಿನ ಕಾಲಿಗಲ್ಲ."

"ಹಂಗಾರೆ ಮೂಟೆ ಹೊತ್ಕೊಂಡು ನಡೀಲಾ?" ಎಂದರು ಇವರು.

"ಹೊರು. ಹೊತ್ತೋನು ನಡೆದ್ರೆ ಸಾಕು. ನಂಗೇನು."

ಏಳು ವರ್ಷ ಬೀದಿಯಿಂದ ಒಂದೊಂದು ಮೂಟೆಯನ್ನೂ ತಲೆ ಮೇಲೆ ಹೊತ್ತರು. ಕತ್ತು ಬಾಗಿಹೋಯಿತು. ಅವನು ಜಗಲಿ ಮೇಲೆ ಕೂತು, "ಎತ್ತಿಗೂ ಒಂದು ಹಕ್ಕು ಬರೆಸ್ಬೇಕಿತ್ತು ಕಣಯ್ಯ" ಎಂದು ನಗುತ್ತಿದ್ದ. ಇವರು ತಿರುಗಿ ಮಾತಾಡುತ್ತಿರಲಿಲ್ಲ. ಅದಕ್ಕೆ ಇವರ ಮೇಲೆ ನನಗೆ ಸಿಟ್ಟಿತ್ತು. ಇನ್ನೂ ಇದೆ.

ಎಂಬತ್ತಮೂರನೇ ಇಸವಿಯಲ್ಲಿ ಹಿತ್ತಲಲ್ಲಿ ಕಾಯಿ ಸುಲಿಯುತ್ತಿದ್ದವರು ಅಲ್ಲೇ ಕುಸಿದರು. ಮತ್ತೆ ಏಳಲಿಲ್ಲ.

ಇವರಿಗೆ ವಿಭೂತಿ ಹಚ್ಚಿ, ಬಿದಿರಿನ ವಿಮಾನದಲ್ಲಿ ಕೂರಿಸಿ, ಹೆಗಲ ಮೇಲೆ ಹೊರಿಸಿಕೊಂಡು ಹೊರಟೆವು. ಹುಚ್ಚರಂಗಯ್ಯನ ಅಂಗಳಕ್ಕೆ ಬಂದರೆ ಬೀದಿ ಗೇಟಿಗೆ ಬೀಗ.

"ನಡೆದಾಡೋಕೆ ತಾನೆ ಹಕ್ಕು," ಎಂದ. "ಹೆಣ ನಡೀತದಾ? ಹಿತ್ಲು ಗೋಡೆ ಒಡ್ಕೊಂಡು ತಗೊಂಡೋಗ್ರಿ."

ಹೊತ್ತವರು ನಿಂತರು. ಯಾರೋ ಹಾರೆ ತರಲು ಹೋದರು. ಕಳ್ಳ ಕನ್ನದಲ್ಲಿ ನುಸುಳಿದ ಹಾಗೆ ಇವರನ್ನು ಕಳಿಸಲು ನಾನು ತಯಾರಿರಲಿಲ್ಲ.

"ಹುಚ್ಚರಂಗಣ್ಣ, ಏಳು ವರ್ಷ ಇವರು ಹೊತ್ತ ಮೂಟೆ ನಡೀತಿತ್ತಾ?"

ಅವನು ಗೇಟಿಗೆ ಬೆನ್ನು ಕೊಟ್ಟು ನಿಂತ.

"ಹೊತ್ತೋನು ನಡೆದ್ರೆ ಸಾಕು ಅಂದೋನು ನೀನೇ. ಇವತ್ತೂ ಹೊತ್ತೋರು ನಡೀತಾರೆ. ಇವರೇ ಮೂಟೆ. ಬೀಗ ತೆಗಿ."

ಅವನು ಅಲುಗಲಿಲ್ಲ. ಅವನ ಹೆಂಡತಿ ಪುಟ್ಟಗಂಗಮ್ಮ ಬಂದು ಅವನ ಸೊಂಟದಿಂದ ಬೀಗದ ಕೈ ಕಿತ್ತುಕೊಂಡಳು. ನನ್ನ ಮೇಲಿನ ಮರುಕಕ್ಕಲ್ಲ. ಹೆಣ ಅಂಗಳದಲ್ಲಿದ್ದಷ್ಟು ಹೊತ್ತು ಅವಳು ಒಲೆ ಹಚ್ಚುವಂತಿರಲಿಲ್ಲ.

ಇವರು ಗೇಟಿನಿಂದಲೇ ಹೋದರು.

ನಾನು ಅದೇ ಮನೆಯಲ್ಲಿದ್ದೇನೆ. ಕೆಲಸವಿರಲಿ ಇಲ್ಲದಿರಲಿ, ದಿನಕ್ಕೆ ನಾಲ್ಕು ಸಲ ಅವನ ಅಂಗಳ ದಾಟುತ್ತೇನೆ. ಅವನು ಜಗಲಿ ಮೇಲೆ ಕೂತಿದ್ದರೆ ಇನ್ನೂ ನಿಧಾನವಾಗಿ ನಡೆಯುತ್ತೇನೆ.