ಮರಿ ಎಚ್ಚರಾಗದ ಓಟ

ಸೊಗಸಾಗಿ ಓಡುವುದನ್ನು ನಾನು ಆರು ತಿಂಗಳು ಕನ್ನಡಿಯ ಮುಂದೆ ಕಲಿತವನು. ಸ್ಟೇಷನ್ ರಸ್ತೆಯ ನಾಯಿಗಳು ನನ್ನನ್ನು ಬೆನ್ನಟ್ಟುವುದನ್ನೂ ಮರೆತು ಸುಮ್ಮನೆ ನೋಡುತ್ತಿದ್ದವು.

ರವಿವಾರ ಊರಾಚೆ ಬಿಜ್ಜರಗಿ ಹಳ್ಳಿಯ ಕಡೆ ಓಡಲು ಹೋದಾಗ ಸಿಗುತ್ತಿದ್ದ ಒಬ್ಬ ಕುರಿಗಾಹಿ ಏನೂ ಕಲಿತಿರಲಿಲ್ಲ. ಮೇಯುವಾಗ ಕುರಿ ಈದರೆ, ಮರಿಯನ್ನು ಕಂಬಳಿಯಲ್ಲಿ ಎದೆಗವಚಿಕೊಂಡು, ಮುಂದೆ ಹೋದ ಹಿಂಡನ್ನು ಸೇರಲು ಓಡುತ್ತಿದ್ದ. ತಲೆ ಅಲುಗುತ್ತಿರಲಿಲ್ಲ, ಸವೆದ ಚಪ್ಪಲಿಯ ಸಪ್ಪಳವೂ ಇಲ್ಲ. ಗುಟ್ಟೇನೆಂದು ಎಷ್ಟು ಸಲ ಕೇಳಿದರೂ ಒಂದೇ ಉತ್ತರ: “ಮರಿ ಎಚ್ಚರಾಗಬಾರದ್ರಿ, ಅಷ್ಟ.”

ಒಂದು ದಿನ ಹಟ ಹಿಡಿದು ಮರಿಯನ್ನು ನಾನೇ ಎತ್ತಿಕೊಂಡು ಓಡಿದೆ. ಹತ್ತು ಹೆಜ್ಜೆಗೇ ಅದು ಅರಚಿಕೊಂಡಿತು. ಹಿಂದೆ ಬರುತ್ತಿದ್ದ ತಾಯಿಕುರಿ ತಲೆ ತಗ್ಗಿಸಿ ನನ್ನ ಮೇಲೆ ನುಗ್ಗಿತು. ಕನ್ನಡಿಯಲ್ಲಿ ಕಲಿತದ್ದೆಲ್ಲ ಮರೆತು, ಬಾಯಿ ತೆರೆದುಕೊಂಡು ಓಡಿದೆ.

“ಸರ, ಮರಿ ಕೊಡ್ರಿ ಇಲ್ಲೆ!” ಎನ್ನುತ್ತ ಆತ ನನ್ನ ಪಕ್ಕಕ್ಕೇ ಓಡಿಬಂದು ಮರಿಯನ್ನು ಇಸಿದುಕೊಂಡ. ಅದು ಅವನೆದೆಗೊರಗಿ ಮತ್ತೆ ಮಲಗಿತು. ತಾಯಿಕುರಿ ಅವನ ಹಿಂದೆ ಹೋಯಿತು.

ಓಡುತ್ತಲೇ ಇದ್ದ ನನಗೆ ಸ್ವಲ್ಪ ಹೊತ್ತಿಗೆ ದೂರದಿಂದ ಅವನ ದನಿ ಕೇಳಿಸಿತು: “ಈಗ ಛಲೋ ಓಡಾಕತ್ತೀರಿ ನೋಡ್ರಿ!”

ನನ್ನ ಓಟವನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ. ಹಿಂದೆ ಕುರಿ ಇಲ್ಲವೆಂಬುದು ನನಗಿನ್ನೂ ಗೊತ್ತಾಗಿರಲಿಲ್ಲ.