ಮೊದಲ ಫೋನು ಯಾರಿಗೆ

ನಮ್ಮ ಮನೆಗೆ ಕಳ್ಳ ಬಂದದ್ದು ಭಾನುವಾರ ಬೆಳಿಗ್ಗೆ, ನಾನು ಚರ್ಚಿನಲ್ಲಿ ಕೂತು ಹಾಡುತ್ತಿದ್ದಾಗ. ಆ ಹೊತ್ತಿಗೆ ನನ್ನ ಮನೆ ಖಾಲಿ ಇರುತ್ತದೆಂದು ಸಪ್ತಾಪುರದ ನಮ್ಮ ಓಣಿಯಲ್ಲಿ ಹಾಲಿನವನಿಗೂ ಗೊತ್ತು. ಕಳ್ಳನಿಗೂ ಗೊತ್ತಿತ್ತು. ಹಿತ್ತಲ ಬಾಗಿಲಿಂದ ಬಂದು ಬಚ್ಚಲಿನ ತಾಮ್ರದ ಹಂಡೆಯನ್ನೂ ನನ್ನ ಲ್ಯಾಪ್‌ಟಾಪನ್ನೂ ಎತ್ತಿಕೊಂಡು ಹೋಗಿದ್ದ. ಬಾಗಿಲು ಮುರಿಯುವ ತ್ರಾಸು ಕೂಡ ಅವನಿಗೆ ಇರಲಿಲ್ಲ. ಆ ಬಾಗಿಲಿಗೆ ನಾನು ಕೀಲಿಯನ್ನೇ ಹಾಕುತ್ತಿರಲಿಲ್ಲ.

ಕೀಲಿ ಹಾಕದಿರುವುದಕ್ಕೆ ಕಾರಣ ನಳದ ನೀರು. ನಮ್ಮಲ್ಲಿ ನಳ ಯಾವ ದಿನ, ಯಾವ ಹೊತ್ತಿಗೆ ಬರುತ್ತದೆಂದು ದೇವರೇ ಹೇಳಬೇಕು. ನಾನು ಶಾಲೆಯಲ್ಲಿ ಪಾಠ ಮಾಡುವಾಗ ಅದು ಬಂದರೆ, ಹಿಂದಿನ ಮನೆಯ ಖಾಲಾ, ಅಂದರೆ ಉರ್ದುವಿನ ಚಿಕ್ಕಮ್ಮ, ನಡುವಿನ ಸಣ್ಣ ಗೇಟು ದಾಟಿ ಬಂದು, ನಮ್ಮ ಬಚ್ಚಲಿನ ನಳ ತಿರುವಿ, ಟಾಕಿ ತುಂಬಿಸಿ ಹೋಗುತ್ತಿದ್ದರು. ಹೋಗುವಾಗ ನಮ್ಮ ಹಿತ್ತಲ ಗಿಡದಿಂದ ನಾಲ್ಕು ಎಸಳು ಕರಿಬೇವು ಕಿತ್ತುಕೊಳ್ಳುತ್ತಿದ್ದರು. ಅವರ ಗಂಡನದು ಬೈಕ್ ರಿಪೇರಿಯ ಗ್ಯಾರೇಜು. ನಾನು ಒಂಟಿಯಾಗಿ ಇರುವವಳು ಎಂಬ ಮಾತು ಖಾಲಾರ ದೆಸೆಯಿಂದ ನನಗೆ ಮರೆತೇ ಹೋಗಿತ್ತು.

ಅಣ್ಣ ನೆನಪಿಸಿದ. ಹುಬ್ಬಳ್ಳಿಯಲ್ಲಿ ಫ್ಲ್ಯಾಟು ಮಾಡಿಕೊಂಡಿರುವ ಅವನು ಸುದ್ದಿ ಕೇಳಿ ಅದೇ ಮಧ್ಯಾಹ್ನ ಬಂದು ಹಿತ್ತಲಲ್ಲಿ ನಿಂತು ದೊಡ್ಡ ದನಿಯಲ್ಲಿ ಕೇಳಿದ.

“ಈ ಬಾಗಲಾ ತೆರದಿರತೈತಿ ಅಂತ ಯಾರ‍್ಯಾರಿಗೆ ಗೊತ್ತಿತ್ತು? ನೀನ ವಿಚಾರ ಮಾಡು.”

ಗೇಟಿನ ಆಚೆ ಖಾಲಾ ಬಟ್ಟೆ ಒಣಹಾಕುತ್ತಿದ್ದರು. “ಸಣ್ಣಗ ಮಾತಾಡಣ್ಣಾ” ಎಂದರೆ ಅವನು ಇನ್ನೊಂದು ರಾಗ ತೆಗೆದ.

“ಒಬ್ಬಾಕೀನ ಎಷ್ಟ ದಿನಾ ಇರ್ತಿ? ನಮ್ಮ ಕಡೆ ಬಂದಬಿಡು. ಮನಿ ಬಾಡಿಗಿಗೆ ಕೊಡೂಣು.”

“ನಾ ಎಲ್ಲೂ ಬರೂದಿಲ್ಲ” ಎಂದೆ.

ಮರುದಿನದಿಂದ ಖಾಲಾ ಓಣಿ ಸುತ್ತಿ ಮುಂಬಾಗಿಲಿಗೆ ಬರತೊಡಗಿದರು. ಬಂದು ಗಂಟೆ ಒತ್ತುತ್ತಿದ್ದರು. ಹಂಡೆ ಹೋದದ್ದಕ್ಕೆ ನಾನು ಅತ್ತಿರಲಿಲ್ಲ, ಆ ಗಂಟೆ ಕೇಳಿ ಅತ್ತೆ. ಅತ್ತು ಮುಗಿದ ಮೇಲೆ ಹಟ ಬಂತು. ಮನೆಯನ್ನು ನಾನೇ ಕಾಯುತ್ತೇನೆ, ಇಲ್ಲಿಯೇ ಇರುತ್ತೇನೆ ಎಂದು ಪಟ್ಟು ಹಿಡಿದೆ.

ಹುಬ್ಬಳ್ಳಿಗೆ ಹೋಗಿ ದುರ್ಗದಬೈಲಿನ ಹತ್ತಿರ ಒಂದು ಅಂಗಡಿ ಹೊಕ್ಕೆ. ಅಂಗಡಿಯವರು ಮೊದಲು ತೋರಿಸಿದ್ದು ವೈಫೈ ಮೇಲೆ ನಡೆಯುವ ಅಲಾರಾಂ. ಕರೆಂಟು ಹೋದರೆ ನನ್ನ ಮನೆಯ ವೈಫೈಯೂ ಹೋಗುತ್ತದೆ, ಕಳ್ಳ ಕರೆಂಟು ಬರುವ ತನಕ ಕಾಯುತ್ತಾನೆಯೇ ಎಂದು ಕೇಳಿದೆ. ಆಗ ಒಳಗಿನಿಂದ ಇನ್ನೊಂದನ್ನು ತಂದರು. ಅದಕ್ಕೆ ಸಿಮ್ ಹಾಕಬೇಕು, ಒಳಗೆ ಬ್ಯಾಟರಿ ಇದೆ, ಬಾಗಿಲು ತೆರೆದರೆ ಸೈರನ್ ಕೂಗಿ ನಾವು ಕೊಟ್ಟ ನಂಬರುಗಳಿಗೆ ಒಂದಾದ ಮೇಲೊಂದು ಫೋನು ಮಾಡುತ್ತದೆ. ಚಾಲೂ ಮಾಡಲು, ಬಂದ್ ಮಾಡಲು ಎರಡು ರಿಮೋಟು. ವೈರು ಎಳೆಯುವ ಕೆಲಸವಿಲ್ಲ.

“ನಿಮಗ ಹಚ್ಚಲಿಕ್ಕೆ ಬರೂದಿಲ್ರೀ ಅಕ್ಕಾರ, ನಮ್ಮ ಮನಷ್ಯಾನ್ನ ಕಳಸ್ತೇನಿ” ಎಂದರು.

ಹಾಗೆ ಅನ್ನಬಾರದಿತ್ತು. “ನಾನ ಹಚಗೋತೇನ್ರಿ” ಎಂದು ಡಬ್ಬಿ ಎತ್ತಿಕೊಂಡು ಬಂದೆ.

ಬಂದ ಮೇಲೆ ಗೊತ್ತಾಯಿತು, ಆ ಡಬ್ಬಿ ಮಾಡಿದವರು ನಮ್ಮಪ್ಪ ಕಟ್ಟಿಸಿದಂಥ ಮನೆ ಕಂಡವರಲ್ಲ. ಬಾಗಿಲಿಗೆ ಹಚ್ಚುವ ಸೆನ್ಸರಿನಲ್ಲಿ ಎರಡು ತುಂಡು. ಒಂದು ಚೌಕಟ್ಟಿಗೆ, ಇನ್ನೊಂದು, ಅಂದರೆ ಅಯಸ್ಕಾಂತದ್ದು, ಬಾಗಿಲಿಗೆ. ಬಾಗಿಲು ಮುಚ್ಚಿದಾಗ ಎರಡೂ ಅಕ್ಕಪಕ್ಕ ಇರಬೇಕು. ನಮ್ಮ ಸಾಗವಾನಿ ಬಾಗಿಲೋ ಚೌಕಟ್ಟಿನಿಂದ ಒಳಕ್ಕೆ ಸರಿದು ನಿಲ್ಲುತ್ತದೆ. ಮುಚ್ಚಿದ ಬಾಗಿಲನ್ನೂ ಯಂತ್ರ ತೆರೆದಿದೆ ಎಂದೇ ತಿಳಿಯಿತು. ಹಳೆಯ ಸ್ಕೇಲಿನ ತುಂಡನ್ನು ಅಡಿಗೆ ಕೊಟ್ಟು ಅಯಸ್ಕಾಂತವನ್ನು ಎತ್ತರಿಸಿದೆ. ಎಣ್ಣೆ ಬಣ್ಣದ ಮೇಲೆ ಅಂಟು ಹಿಡಿಯದೆ ಅದು ರಾತ್ರಿ ಬೆಳಗಾಗುವುದರೊಳಗೆ ನೆಲಕ್ಕೆ ಬಿದ್ದಿತ್ತು. ಉಸುಕಿನ ಕಾಗದದಿಂದ ಬಣ್ಣ ತಿಕ್ಕಿ ತೆಗೆದು ಮತ್ತೆ ಹಚ್ಚಿದೆ. ದಪ್ಪ ಗೋಡೆ ದಾಟಿ ಹಿತ್ತಲ ಬಾಗಿಲಿನ ಸಂಕೇತ ಪಡಸಾಲೆಯಲ್ಲಿಟ್ಟ ಯಂತ್ರಕ್ಕೆ ಮುಟ್ಟಲಿಲ್ಲ. ಅದನ್ನು ಅಡುಗೆಮನೆಯ ಕಪಾಟಿನ ಮೇಲೆ ಕೂರಿಸಿದ ಮೇಲೆ ಮುಂದಿನ, ಹಿಂದಿನ ಎರಡೂ ಬಾಗಿಲಿನ ಸಂಕೇತ ಮುಟ್ಟಿತು. ನೋಡಲು ಬಂದ ಅಣ್ಣ ನಕ್ಕ.

“ಆಟಿಗಿ ಸಾಮಾನ ತಂದೀಯಲ್ಲ! ಒದರೂದಿಲ್ಲ ಬಿಡು ಅದು. ಇರ್ಲಿ, ಮೊದಲ ನಂಬರ್ ನಂದ ಹಾಕು.”

ಅವನು ಹೋದ ಮೇಲೆ ಆ ಮಾತನ್ನೇ ಯೋಚಿಸುತ್ತ ಕೂತೆ. ಕಳ್ಳ ಬಂದರೆ ಅಣ್ಣ ಹುಬ್ಬಳ್ಳಿಯಲ್ಲಿ ಇನ್ನೂ ಚಪ್ಪಲಿ ಹುಡುಕುತ್ತಿರುತ್ತಾನೆ. ನಾನು ಶಾಲೆಯಿಂದ ಹೊರಡಬೇಕು. ಓಡಿ ಬರುವವರು ಯಾರು? ಎರಡನೆಯ ರಿಮೋಟನ್ನೂ ಹಿತ್ತಲ ಬಾಗಿಲಿಗೆ ಹಾಕಿದ್ದ ಹೊಸ ಬೀಗದ ಒಂದು ಕೀಲಿಯನ್ನೂ ಹಿಡಿದು ಸಣ್ಣ ಗೇಟು ದಾಟಿದೆ.

“ಖಾಲಾ, ಮೊದಲ ಫೋನ್ ನಿಮಗ ಬರತೈತ್ರಿ.”

“ನನಗ್ಯಾಕ್ರಿ ಅಕ್ಕೋರ? ನಿಮ್ಮ ಅಣ್ಣಾರಿಗೆ ಬರ್ಲಿ.”

“ಓಡಿ ಬರಾವ್ರು ನೀವಲ್ಲೇನ್ರಿ?”

ಅವರು ರಿಮೋಟನ್ನು ಕೀಲಿಯ ಜೊತೆ ಸೆರಗಿನ ತುದಿಗೆ ಕಟ್ಟಿಕೊಂಡರು. ಆದರೂ ಮುಂಬಾಗಿಲಿಗೆ ಬಂದು ಗಂಟೆ ಒತ್ತುವುದನ್ನು ಬಿಡಲಿಲ್ಲ. ನಳ ಬಂದರೆ ಫೋನು ಮಾಡಿ, ನನ್ನ ಒಪ್ಪಿಗೆ ಪಡೆದೇ ಒಳಗೆ ಹೋಗುತ್ತಿದ್ದರು. ಅಣ್ಣನ ಮಾತು ಅವರ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು.

ಒಂದು ದಿನ ಊಟದ ಬಿಡುವಿನಲ್ಲಿ ಖಾಲಾರ ಫೋನು ಬಂತು. ಹಿಂದೆ ಸೈರನ್ ಕಿವಿ ಹರಿಯುವಂತೆ ಕೂಗುತ್ತಿತ್ತು.

“ಅಕ್ಕೋರ, ನಿಮ್ಮ ಅಣ್ಣಾರು ಮುಂದಿನ ಬಾಗಲಾ ತಗದ ಒಳಗ ಬಂದಾರ. ಜೋಡಿ ಇನ್ನೊಬ್ಬರು ಅದಾರ. ಮನಿ ತೋರಸಾಕತ್ತಿದ್ರು. ನಿಮಗ ಹೇಳಿ ಬಂದಾರೇನ್ರಿ?”

ಅಪ್ಪನ ಕಾಲದ ಒಂದು ಕೀಲಿ ಅಣ್ಣನ ಹತ್ತಿರ ಉಳಿದಿತ್ತು. ನನಗೆ ತಿಳಿಸದೆ ಬಾಡಿಗೆಯವರನ್ನು ಕರೆತಂದಿದ್ದ.

“ಇಲ್ರಿ ಖಾಲಾ, ಹೇಳಿಲ್ಲ.”

“ಹಂಗಾರ ನೀವು ಬರೂತನಾ ಬಿಡೂದಿಲ್ರಿ. ಕಟ್ಟಿ ಮ್ಯಾಲೆ ಕುಂದ್ರಿಸೇನಿ. ಒದರೂದ ಬಂದ್ ಮಾಡ್ಲೇನ್ರಿ?”

“ಇನ್ನೊಂದೀಟು ಒದರ‍್ಲಿ ಬಿಡ್ರಿ” ಎಂದೆ.

ನಾನು ಹೋಗುವಷ್ಟರಲ್ಲಿ ಬಾಡಿಗೆಯವನು ಜಾಗ ಖಾಲಿ ಮಾಡಿದ್ದ. ಅಣ್ಣ ಕಟ್ಟೆಯ ಮೇಲೆ ಖಾಲಾ ಕೊಟ್ಟ ಚಹಾದ ಕಪ್ಪು ಹಿಡಿದು ಕೂತಿದ್ದ. ಎದುರಿಗೆ ಖಾಲಾ, ಕೈಯಲ್ಲಿ ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ದೊಡ್ಡ ಪಾನಾ. ಓಣಿಯ ಅರ್ಧ ಜನ ಗೇಟಿನಲ್ಲಿ ನಿಂತು ನೋಡುತ್ತಿದ್ದರು.

“ಮನಿ ಇಬ್ಬರದೂ ಐತಿ” ಎಂದ ಅಣ್ಣ, ತಲೆ ಎತ್ತದೆ.

“ಖರೇ. ಇರಾಕಿ ನಾನು. ಕೀಲಿ ಕೊಡಣ್ಣಾ.”

ಅವನು ಒಮ್ಮೆ ನನ್ನನ್ನು, ಒಮ್ಮೆ ಪಾನಾವನ್ನು ನೋಡಿ ಕೀಲಿಯನ್ನು ಕಟ್ಟೆಯ ಮೇಲಿಟ್ಟ. ಖಾಲಾ ಅವನ ಖಾಲಿ ಕಪ್ಪನ್ನು ಎತ್ತಿಕೊಂಡರು. ಹೊರಗಿನಿಂದ ಸುತ್ತಿ ಹೋಗುತ್ತಾರೇನೋ ಎಂದು ನಾನು ದಾರಿ ಬಿಟ್ಟು ನಿಂತೆ. ಅವರು ಹೊಸ್ತಿಲು ದಾಟಿ, ನಮ್ಮ ಪಡಸಾಲೆ, ಅಡುಗೆಮನೆ ಹಾದು, ಹಿತ್ತಲ ಬಾಗಿಲಿಂದ ತಮ್ಮ ಮನೆಗೆ ಹೋದರು. ಹೋಗುವಾಗ ಕರಿಬೇವು ಕಿತ್ತ ಸಪ್ಪಳ ಕೇಳಿಸಿತು.